ಹೆಡ್‌ಲ್ಯಾಂಪಿನೊಳಗಿನ ಹೊಳಪು: ಕ್ರೋಮ್ ಅಂದುಕೊಂಡದ್ದು ಏನು?

ಶೋರೂಮಿಗೆ ಹೊಸ ಕಾರು ನೋಡಲು ಹೋದವರು ಹೆಡ್‌ಲ್ಯಾಂಪಿನ ಮುಂದೆ ಒಂದು ನಿಮಿಷವಾದರೂ ನಿಲ್ಲುತ್ತಾರೆ. ಒಳಗೆ ಕನ್ನಡಿಯಂತೆ ಹೊಳೆಯುವ ಉಂಗುರಗಳು, ಬೆಳ್ಳಿ ಬಣ್ಣದ ಪಟ್ಟಿಗಳು, ಎಲ್‌ಇಡಿ ಸುತ್ತ ಕಪ್ಪು ಮಿಶ್ರಿತ ಹೊಳಪಿನ ಚೌಕಟ್ಟು. ‘ಒಳಗೆಲ್ಲಾ ಕ್ರೋಮ್ ಕೊಟ್ಟಿದ್ದಾರೆ ನೋಡಿ ಸಾರ್’ ಅಂತ ಸೇಲ್ಸ್‌ನವರೂ ಹೇಳುತ್ತಾರೆ. ಹೆಚ್ಚಿನ ಲ್ಯಾಂಪುಗಳಲ್ಲಿ ಅಲ್ಲಿರುವುದು ಅಲ್ಯೂಮಿನಿಯಂ. ಪ್ಲಾಸ್ಟಿಕ್ ಮೇಲೆ ಕೂರಿಸಿದ, ಸುಮಾರು 70ರಿಂದ 100 ನ್ಯಾನೋಮೀಟರ್ ದಪ್ಪದ ಪದರ. ತಲೆಗೂದಲಿನ ದಪ್ಪಕ್ಕೆ ಅಂಥ ಸಾವಿರದಷ್ಟು ಪದರ ಬೇಕು. ಒಂದು ಚದರ ಮೀಟರ್ ಜಾಗಕ್ಕೆ 70 ನ್ಯಾನೋಮೀಟರ್ ಪದರ ಕೂರಿಸಿದರೆ, ಅದರಲ್ಲಿರುವ ಲೋಹದ ತೂಕ 0.2 ಗ್ರಾಂ ಕೂಡ ಆಗುವುದಿಲ್ಲ.

ನಾನು ಈ ಕೋಟಿಂಗ್ ಕೆಲಸದಲ್ಲಿರುವವನು ಅಂತ ಗೊತ್ತಾದರೆ ಜನ ಮೊದಲು ಕೇಳುವುದು ಲೋಹದ ಬಗ್ಗೆ. ಯಾವ ಲೋಹ, ಎಷ್ಟು ದಪ್ಪ, ಎಷ್ಟು ವರ್ಷ ಬಾಳುತ್ತದೆ. ಆದರೆ ಇಡೀ ಕೆಲಸದಲ್ಲಿ ಕಡಿಮೆ ತೊಂದರೆ ಕೊಡುವುದೇ ಲೋಹ. ಹೊಳಪು ಚೆನ್ನಾಗಿ ಬರುವುದು ಅದರ ಕೆಳಗಿನ ಪ್ಲಾಸ್ಟಿಕ್‌ನಿಂದ. ಬಂದ ಹೊಳಪು ಉಳಿಯುವುದು ಅದರ ಮೇಲೆ ಇರುವ, ಕಣ್ಣಿಗೆ ಕಾಣದ ಇನ್ನೊಂದು ಪದರದಿಂದ.

ಮೊದಲು, ಲ್ಯಾಂಪಿನೊಳಗೆ ಅಲಂಕಾರ ಯಾಕೆ ಬಂತು ಅನ್ನುವುದನ್ನು ನೋಡೋಣ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಗುಂಡು ಲ್ಯಾಂಪುಗಳ ಗಾಜಿನ ಮೇಲೆ ಗೆರೆಗಳಿರುತ್ತಿದ್ದವು. ಒಳಗಿನ ರಿಫ್ಲೆಕ್ಟರ್ ಬೆಳಕನ್ನು ಒಟ್ಟುಮಾಡಿ ಮುಂದೆ ಕಳಿಸುತ್ತಿತ್ತು. ಅದನ್ನು ರಸ್ತೆಯ ಅಗಲಕ್ಕೆ ಹರಡುವ ಕೆಲಸ ಆ ಗೆರೆಗಳದ್ದು. ಗೆರೆ ಇದ್ದದ್ದರಿಂದ ಒಳಗೇನಿದೆ ಅಂತ ಹೊರಗೆ ಕಾಣುತ್ತಿರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ರಿಫ್ಲೆಕ್ಟರಿನ ಒಂದೊಂದು ತುಣುಕೂ ಬೆಳಕನ್ನು ರಸ್ತೆಯ ಒಂದೊಂದು ಜಾಗಕ್ಕೆ ಕಳಿಸುವಂತೆ ಮಾಡಿದರು. ಗೆರೆಗಳ ಕೆಲಸ ಮುಗಿಯಿತು. ಗಾಜಿನ ಜಾಗಕ್ಕೆ ಪಾಲಿಕಾರ್ಬೊನೇಟ್ ಎನ್ನುವ ಗಟ್ಟಿ ಪ್ಲಾಸ್ಟಿಕ್‌ನ ಸ್ವಚ್ಛವಾದ ಕವರ್ ಬಂತು. ಆಗ ಒಳಗಿನ ವೈರು, ಸ್ಕ್ರೂ, ಬಲ್ಬಿನ ಹಿಡಿ ಎಲ್ಲಾ ಕಾಣತೊಡಗಿದವು. ಅವನ್ನು ಮುಚ್ಚಲು ಇಟ್ಟ ಭಾಗವೇ ಬೆಜೆಲ್. ಮುಚ್ಚುವುದು ಹೇಗೂ ಇದೆ, ಚೆಂದವಾಗಿಯೇ ಇರಲಿ ಅಂತ ಡಿಸೈನರ್‌ಗಳು ಅದನ್ನು ಕೈಗೆತ್ತಿಕೊಂಡರು. ಈಗ ಒಂದು ಮಾಡೆಲ್ಲಿನ ಮುಖವನ್ನು ದೂರದಿಂದಲೇ ಗುರುತಿಸುವಷ್ಟು ಅದರ ಪ್ರಭಾವ ಬೆಳೆದಿದೆ.

ಹೀಗೆ ಒಂದೇ ಲ್ಯಾಂಪಿನಲ್ಲಿ ಅಲ್ಯೂಮಿನಿಯಂಗೆ ಎರಡು ಕೆಲಸ. ರಿಫ್ಲೆಕ್ಟರಿನಲ್ಲಿ ಬೆಳಕು ಕಳಿಸಬೇಕು, ಬೆಜೆಲಿನಲ್ಲಿ ಚೆನ್ನಾಗಿ ಕಾಣಬೇಕು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಳ್ಳೆಯ ಅಲ್ಯೂಮಿನಿಯಂ ಪದರ ಶೇ 85ರಿಂದ 90ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಕ್ರೋಮಿಯಂ ಶೇ 60ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಳ್ಳಿ ಇನ್ನೂ ಮೇಲು, ಶೇ 95ರವರೆಗೆ ಹೋಗುತ್ತದೆ. ಆದರೆ ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಕಪ್ಪಾಗುತ್ತದೆ. ಟೆಲಿಸ್ಕೋಪುಗಳಲ್ಲೂ ಇದೇ ಆಯಿತು. ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿರುವ 100 ಇಂಚಿನ ಕನ್ನಡಿಗೆ ಮೊದಲು ಬೆಳ್ಳಿಯ ಲೇಪವಿತ್ತು, 1935ರಲ್ಲಿ ಅಲ್ಯೂಮಿನಿಯಂ ಬಂತು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರಿನ ವೇಣು ಬಾಪು ಟೆಲಿಸ್ಕೋಪಿನ 2.34 ಮೀಟರ್ ಕನ್ನಡಿಯ ಮೇಲೂ ಅಲ್ಯೂಮಿನಿಯಮ್ಮೇ. ನಕ್ಷತ್ರ ನೋಡುವ ಕನ್ನಡಿಗೂ ಬೈಕಿನ ಹೆಡ್‌ಲ್ಯಾಂಪಿಗೂ ಒಂದೇ ಲೋಹ, ಹೆಚ್ಚುಕಡಿಮೆ ಒಂದೇ ವಿಧಾನ. ಈ ವಿಷಯ ನನಗೆ ಈಗಲೂ ಖುಷಿ ಕೊಡುತ್ತದೆ.

ವಿಧಾನ ಹೀಗಿದೆ. ಭಾಗಗಳನ್ನು ಜಿಗ್ ಅನ್ನುವ ಹಿಡಿದಿಡುವ ಚೌಕಟ್ಟಿಗೆ ಸಿಕ್ಕಿಸಿ ದೊಡ್ಡ ಉಕ್ಕಿನ ಚೇಂಬರಿನೊಳಗೆ ಇಡುತ್ತೇವೆ. ಬಾಗಿಲು ಹಾಕಿ ಗಾಳಿ ತೆಗೆಯುತ್ತೇವೆ. ಒಳಗಿನ ಒತ್ತಡ ಹೊರಗಿನದರ ಕೋಟಿಯಲ್ಲೊಂದು ಪಾಲಿನಷ್ಟಕ್ಕೆ ಇಳಿಯಬೇಕು. ನಡುವೆ ಟಂಗ್‌ಸ್ಟನ್ ಫಿಲಮೆಂಟುಗಳಿರುತ್ತವೆ, ಅವುಗಳ ಮೇಲೆ ಅಲ್ಯೂಮಿನಿಯಂ ತಂತಿಯ ತುಂಡುಗಳು. ಕರೆಂಟ್ ಕೊಟ್ಟಾಗ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿ ಫಿಲಮೆಂಟಿಗೆ ಅಂಟಿಕೊಳ್ಳುತ್ತದೆ. ಇನ್ನೂ ಕಾಯಿಸಿದರೆ ಆವಿಯಾಗಿ ನಾಲ್ಕೂ ದಿಕ್ಕಿಗೆ ಹಾರುತ್ತದೆ. ಗಾಳಿ ಇದ್ದಿದ್ದರೆ ಆ ಕಣಗಳು ದಾರಿಯಲ್ಲೇ ಡಿಕ್ಕಿ ಹೊಡೆದು, ಆಕ್ಸಿಜನ್ ಜೊತೆ ಸೇರಿ ಬೂದಿಬಣ್ಣದ ಪುಡಿಯಾಗುತ್ತಿದ್ದವು. ಅಷ್ಟು ಕಡಿಮೆ ಒತ್ತಡದಲ್ಲಿ ಒಂದು ಕಣ ಸರಾಸರಿ ಅರ್ಧ ಮೀಟರಿಗಿಂತ ಜಾಸ್ತಿ ದೂರ ಯಾವುದಕ್ಕೂ ತಾಗದೆ ಹೋಗುತ್ತದೆ. ನೇರವಾಗಿ ಹೋಗಿ ಪ್ಲಾಸ್ಟಿಕ್ ಮೇಲೆ ಕೂರುತ್ತದೆ. ಹೀಗೆ ನೇರ ದಾರಿಯಲ್ಲೇ ಹೋಗುವುದರಿಂದ ಭಾಗಗಳನ್ನು ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಮರೆಯಾದ ಕಡೆ ಲೋಹ ಬೀಳುವುದಿಲ್ಲ. ಸ್ಪಟರಿಂಗ್ ಅನ್ನುವ ಇನ್ನೊಂದು ವಿಧಾನದಲ್ಲಿ ಆರ್ಗಾನ್ ಅಯಾನುಗಳು ಅಲ್ಯೂಮಿನಿಯಂ ತಟ್ಟೆಗೆ ಬಡಿದು ಕಣಗಳನ್ನು ಕಿತ್ತು ಕಳಿಸುತ್ತವೆ. ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ಪ್ಲಾಸ್ಟಿಕ್ ಭಾಗಗಳನ್ನು ಅಚ್ಚು ಹಾಕುವ ಮೋಲ್ಡಿಂಗ್ ಮೆಷಿನಿನ ಪಕ್ಕದಲ್ಲೇ ಇಟ್ಟುಕೊಳ್ಳಬಹುದು.

ಮಳೆಗಾಲದಲ್ಲಿ ಈ ಕೆಲಸ ನಿಧಾನವಾಗುತ್ತದೆ. ಬಾಗಿಲು ತೆರೆದಾಗಲೆಲ್ಲಾ ಗಾಳಿಯ ತೇವ ಚೇಂಬರಿನ ಗೋಡೆಗೆ ಹಿಡಿದುಕೊಳ್ಳುತ್ತದೆ. ಗೋಡೆಯ ಮೇಲೆ ಹಳೆಯ ಲೇಪ ದಪ್ಪಗಾಗಿದ್ದರೆ ಇನ್ನೂ ಹೆಚ್ಚು. ಪಂಪ್ ಎಷ್ಟು ಎಳೆದರೂ ಒತ್ತಡ ಇಳಿಯಲು ಹೊತ್ತು ಹಿಡಿಯುತ್ತದೆ. ಅವಸರಪಟ್ಟು ಫಿಲಮೆಂಟಿಗೆ ಕರೆಂಟ್ ಕೊಟ್ಟರೆ ಹೊಳಪು ಮಂಕಾಗುತ್ತದೆ. ಚೇಂಬರಿನ ಒಳಗೋಡೆಯ ಕವಚಗಳನ್ನು ಕಾಲಕಾಲಕ್ಕೆ ತೆಗೆದು ಉಜ್ಜಿ ತೊಳೆಯುವವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಳೆಗಾಲದ ರಿಜೆಕ್ಷನ್ ಲೆಕ್ಕ ಅವರ ಕೈಯಲ್ಲೇ ಇರುತ್ತದೆ.

ಈಗ ಕೆಳಗಿನ ಪ್ಲಾಸ್ಟಿಕ್ ವಿಷಯ. ನೂರು ನ್ಯಾನೋಮೀಟರ್ ಪದರಕ್ಕೆ ಏನನ್ನೂ ಮುಚ್ಚುವ ಶಕ್ತಿ ಇಲ್ಲ. ಕೆಳಗೆ ಏನಿದೆಯೋ ಅದನ್ನೇ ತೋರಿಸುತ್ತದೆ, ಅದೂ ಹಲವು ಪಟ್ಟು ಎದ್ದು ಕಾಣುವಂತೆ. ಮೋಲ್ಡಿನಿಂದ ಬಂದ ಕಪ್ಪು ಬೆಜೆಲ್ ನೋಡಲು ನುಣುಪಾಗಿಯೇ ಇರುತ್ತದೆ. ಲೋಹ ಕೂರಿಸಿದ ತಕ್ಷಣ ಪ್ಲಾಸ್ಟಿಕ್‌ನ ಎರಡು ಹರಿವು ಸೇರಿದ ಗೆರೆ, ಹಿಂಬದಿಯ ದಪ್ಪ ಜಾಗದ ಎದುರು ಬಿದ್ದ ಸಣ್ಣ ತಗ್ಗು, ಒಂದು ಧೂಳಿನ ಕಣ, ಎಲ್ಲಾ ಎದ್ದು ನಿಲ್ಲುತ್ತವೆ. ಪಾಲಿಕಾರ್ಬೊನೇಟ್ ಕಾಳುಗಳನ್ನು 120 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಒಣಗಿಸದೆ ಮೆಷಿನಿಗೆ ಹಾಕಿದರೆ ಒಳಗಿನ ತೇವ ಬೆಳ್ಳಿಗೆರೆಗಳಾಗಿ ಮೇಲೆ ಬರುತ್ತದೆ. ಆ ಬೆಜೆಲನ್ನು ಯಾವ ಕೋಟಿಂಗೂ ಉಳಿಸಲಾರದು. ಮೋಲ್ಡಿನಿಂದ ಭಾಗ ಸಲೀಸಾಗಿ ಬಿಡಲಿ ಅಂತ ಯಾರಾದರೂ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಮುಗಿಯಿತು, ಲೋಹ ಅಂಟುವುದೇ ಇಲ್ಲ. ಬರಿಗೈಯಲ್ಲಿ ಮುಟ್ಟಿದ್ದರೆ ಬೆರಳಚ್ಚು ಕನ್ನಡಿಯೊಳಗೆ ಉಳಿದುಬಿಡುತ್ತದೆ. ಹಾಗಾಗಿ ಹೊಳಪು ಸರಿ ಇಲ್ಲ ಅಂತ ದೂರು ಬಂದಾಗ ನಾನು ಚೇಂಬರಿಗಿಂತ ಮೊದಲು ಮೋಲ್ಡಿಂಗ್ ಶಾಪಿಗೆ ಹೋಗುತ್ತೇನೆ.

ಯಾವ ಪ್ಲಾಸ್ಟಿಕ್ ಅನ್ನುವುದನ್ನು ಶಾಖ ತೀರ್ಮಾನ ಮಾಡುತ್ತದೆ. ಹ್ಯಾಲೊಜೆನ್ ಬಲ್ಬಿನ ಹತ್ತಿರದ ರಿಫ್ಲೆಕ್ಟರಿಗೆ ಬಿಎಂಸಿ ಎನ್ನುವ, ಗಾಜಿನ ನಾರು ಮತ್ತು ಖನಿಜದ ಪುಡಿ ಬೆರೆತ ಗಟ್ಟಿ ಪಾಲಿಯೆಸ್ಟರ್ ಬಳಸುತ್ತಾರೆ. ಶಾಖಕ್ಕೆ ಕರಗುವುದಿಲ್ಲ, ಆದರೆ ಮೈ ಒರಟು. ಅದನ್ನು ನಯ ಮಾಡಲು ಮೊದಲು ಬೇಸ್ ಕೋಟ್ ಹೊಡೆದು ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಬೆಜೆಲಿಗೆ ಪಾಲಿಕಾರ್ಬೊನೇಟ್ ಅಥವಾ ಪಿಬಿಟಿ ಎನ್ನುವ ಇನ್ನೊಂದು ಪ್ಲಾಸ್ಟಿಕ್. ಮೋಲ್ಡನ್ನು ಕನ್ನಡಿಯಷ್ಟು ಪಾಲಿಶ್ ಮಾಡಿದ್ದರೆ ಇವುಗಳ ಮೇಲೆ ಬೇಸ್ ಕೋಟ್ ಇಲ್ಲದೆ ನೇರವಾಗಿ ಲೋಹ ಕೂರಿಸಬಹುದು. ಪಿಬಿಟಿಗೆ ಒಂದು ಕೆಟ್ಟ ಗುಣವಿದೆ. ಬಿಸಿಯಾದಾಗ ಅದರಿಂದ ಸಣ್ಣ ಅಣುಗಳು ಆವಿಯಾಗಿ ಹೊರಬರುತ್ತವೆ. ಅವು ತಣ್ಣಗಿರುವ ಮುಂದಿನ ಕವರಿಗೆ ಹೋಗಿ ಕೂತು ಬಿಳಿ ಮಬ್ಬಾಗುತ್ತವೆ. ಇಂಥ ಆವಿ ಕಡಿಮೆ ಬಿಡುವ ಪಿಬಿಟಿಯನ್ನೇ ಹೆಡ್‌ಲ್ಯಾಂಪಿಗೆ ಬೇರೆ ಮಾಡಿರುತ್ತಾರೆ. ಕೆಲವು ರೂಪಾಯಿ ಉಳಿಸಲು ಸಾಮಾನ್ಯ ಪಿಬಿಟಿ ಹಾಕುವುದು ತಪ್ಪು ಲೆಕ್ಕ.

ಇನ್ನು ಮೇಲಿನ ಪದರ. ಬರೀ ಅಲ್ಯೂಮಿನಿಯಂ ಬಿಟ್ಟರೆ ತೇವಕ್ಕೂ ಬಟ್ಟೆಯ ಒರೆಸುವಿಕೆಗೂ ತಾಳುವುದಿಲ್ಲ. ಅದಕ್ಕೆ ಅದೇ ಚೇಂಬರಿನಲ್ಲಿ, ಬಾಗಿಲು ತೆರೆಯದೆಯೇ, ಎಚ್‌ಎಂಡಿಎಸ್‌ಒ ಎನ್ನುವ ಸಿಲಿಕಾನ್ ಇರುವ ದ್ರವದ ಆವಿ ಬಿಟ್ಟು ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಹೊಳೆಯುವ ಅನಿಲ, ಹೊತ್ತಿಸುತ್ತೇವೆ. ಅದು ಒಡೆದು ಲೋಹದ ಮೇಲೆ ಕೆಲವು ಹತ್ತು ನ್ಯಾನೋಮೀಟರಿನ ಪಾರದರ್ಶಕ ಪದರವಾಗುತ್ತದೆ. ಅದು ಜಾಸ್ತಿ ದಪ್ಪವಾದರೆ ಅಥವಾ ಒಂದೊಂದು ಕಡೆ ಒಂದೊಂದು ದಪ್ಪವಾದರೆ ಬೆಜೆಲಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ತೆಳ್ಳಗಾದರೆ ರಕ್ಷಣೆ ಸಾಲದು. ಪರೀಕ್ಷೆ ಸರಳ: ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದ ಒಂದು ಹನಿ ಇಟ್ಟು ಗಡಿಯಾರ ನೋಡುವುದು. ಕ್ಷಾರ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ. ಮೇಲಿನ ಪದರದಲ್ಲಿ ತೂತಿದ್ದರೆ ಹೇಳಿದ ಸಮಯಕ್ಕೆ ಮೊದಲೇ ಅಲ್ಲಿ ಲೋಹ ಮಾಯವಾಗಿ ಕಪ್ಪು ಪ್ಲಾಸ್ಟಿಕ್ ಕಾಣುತ್ತದೆ. ಇದರ ಜೊತೆಗೆ ಬ್ಲೇಡಿನಿಂದ ಚೌಕ ಚೌಕವಾಗಿ ಗೀರಿ ಟೇಪ್ ಅಂಟಿಸಿ ಕೀಳುವ ಪರೀಕ್ಷೆ, ತೇವದ ಪೆಟ್ಟಿಗೆ, ಓವನ್. ಓವನ್ ಮುಖ್ಯ. ಬಿಸಿಯಾದಾಗ ಪಾಲಿಕಾರ್ಬೊನೇಟ್ ಅಲ್ಯೂಮಿನಿಯಮ್ಮಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಹಿಡಿತ ಸರಿ ಇಲ್ಲದಿದ್ದರೆ ಲೋಹ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿದು ಹೊಳಪು ಹಾಲಿನಂತಾಗುತ್ತದೆ.

ಡಿಸೈನರ್‌ಗಳೊಂದಿಗೆ ನಮ್ಮ ಜಗಳ ಇನ್ನೊಂದು ವಿಷಯಕ್ಕೆ. ಅವರಿಗೆ ಹೊಳಪು ಜಾಸ್ತಿ ಬೇಕು. ಬೆಳಕಿನ ಲೆಕ್ಕ ಮಾಡುವವರಿಗೆ ಬೆಜೆಲ್ ಹೊಳೆಯುವುದೇ ಬೇಡ. ಯಾಕೆಂದರೆ ಬೆಜೆಲಿಗೆ ತಾಗಿದ ಬೆಳಕು ಎಲ್ಲೆಲ್ಲಿಗೋ ಚಿಮ್ಮುತ್ತದೆ. ಡಿಪ್ ಬೀಮಿನಲ್ಲಿ ಒಂದು ಗೆರೆಗಿಂತ ಮೇಲಕ್ಕೆ ಬೆಳಕು ಹೋಗಬಾರದು, ಹೋದರೆ ಎದುರಿನವರ ಕಣ್ಣು ಕುಕ್ಕುತ್ತದೆ. ಚೆಂದಕ್ಕೆ ಇಟ್ಟ ಒಂದು ಹೊಳೆಯುವ ಅಂಚು ಆ ಗೆರೆಯನ್ನು ಕೆಡಿಸಬಹುದು. ನನ್ನ ಮಟ್ಟಿಗೆ ಇಲ್ಲಿ ರಾಜಿ ಬೇಡ, ರಸ್ತೆಯ ಮೇಲಿನ ಬೆಳಕೇ ಮೊದಲು. ಈಗ ಮಂಕು ಬೆಳ್ಳಿ, ಕಪ್ಪು ಕ್ರೋಮ್ ಬಣ್ಣ, ನವಿರಾದ ದೊರಗು ಮೈ ಇರುವ ಬೆಜೆಲುಗಳು ಹೆಚ್ಚಾಗಿರುವುದು ಫ್ಯಾಷನ್‌ಗಾಗಿ ಮಾತ್ರ ಅಲ್ಲ. ಅವು ಬೆಳಕನ್ನು ಅಷ್ಟಾಗಿ ಚಿಮ್ಮಿಸುವುದಿಲ್ಲ.

ಬಿಸಿಲಿನದ್ದೂ ಒಂದು ತಕರಾರಿದೆ. ಪ್ರೊಜೆಕ್ಟರ್ ಲ್ಯಾಂಪಿನ ದಪ್ಪ ಲೆನ್ಸ್, ಕಾರು ನಿಂತಿರುವಾಗ ಸೂರ್ಯನ ಬೆಳಕನ್ನು ಒಳಗಡೆ ಒಂದು ಬಿಂದುವಿಗೆ ಸೇರಿಸುತ್ತದೆ. ಆ ಬಿಂದು ಪ್ಲಾಸ್ಟಿಕ್ ಮೇಲೆ ಬಿದ್ದರೆ ಅಲ್ಲಿ ಸುಟ್ಟ ಗೆರೆ. ಲ್ಯಾಂಪ್ ಹಚ್ಚಿಯೇ ಇಲ್ಲ, ಆದರೂ ಸುಟ್ಟಿದೆ ಅಂತ ಜನ ಆಶ್ಚರ್ಯಪಡುತ್ತಾರೆ. ಅದಕ್ಕೇ ಡಿಸೈನ್ ಹಂತದಲ್ಲೇ ಸೂರ್ಯನ ಒಂದೊಂದು ಕೋನಕ್ಕೂ ಲೆಕ್ಕ ಹಾಕಿ, ಬಿಂದು ಬೀಳುವ ಜಾಗವನ್ನು ಸರಿಸುತ್ತಾರೆ ಅಥವಾ ಶಾಖ ತಡೆಯುವ ಪ್ಲಾಸ್ಟಿಕ್ ಹಾಕುತ್ತಾರೆ.

ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲ್ಯಾಂಪ್ ಎಂಜಿನ್ ಜೊತೆಗೇ ಹೊತ್ತಿಕೊಳ್ಳಬೇಕು ಅನ್ನುವ ನಿಯಮ ಬಂತು. ರಾತ್ರಿ ಮಾತ್ರ ಬಿಸಿಯಾಗುತ್ತಿದ್ದ ಲ್ಯಾಂಪು ಹಗಲೂ ಬಿಸಿಯಾಗತೊಡಗಿತು, ಅದೂ ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ. 35 ವ್ಯಾಟಿನ ಹ್ಯಾಲೊಜೆನ್ ಇರುವ ಸಣ್ಣ ಲ್ಯಾಂಪಿಗೆ ಅದು ಸಣ್ಣ ಹೊರೆಯಲ್ಲ. ಎಲ್‌ಇಡಿ ಬಂದ ಮೇಲೆ ಮುಂದಕ್ಕೆ ಬರುವ ಶಾಖ ಕಡಿಮೆಯಾಗಿದೆ. ಎಲ್‌ಇಡಿಯ ಬಿಸಿ ಹೆಚ್ಚಾಗಿ ಹಿಂದಿನ ಹೀಟ್ ಸಿಂಕ್, ಅಂದರೆ ಶಾಖವನ್ನು ಹೊರಗೆ ಬಿಡುವ ಲೋಹದ ಭಾಗದ ಕಡೆಗೆ ಹೋಗುತ್ತದೆ.

ವಾಹನ ಇಟ್ಟುಕೊಂಡವರಿಗೆ ಕೆಲವು ಮಾತು. ಕಾರಿನ ಎಚ್4 ಬಲ್ಬ್ 60/55 ವ್ಯಾಟಿನದ್ದು, ಅಂದರೆ ಹೈ ಬೀಮಿಗೆ 60, ಡಿಪ್‌ಗೆ 55. ಬೆಳಕು ಸಾಲದು ಅಂತ 100/90 ವ್ಯಾಟಿನದ್ದನ್ನು ಹಾಕಿಸಬೇಡಿ. ಅಷ್ಟು ಶಾಖಕ್ಕೆ ಆ ರಿಫ್ಲೆಕ್ಟರನ್ನು ಮಾಡಿಲ್ಲ. ಬೇಸ್ ಕೋಟ್ ಗುಳ್ಳೆ ಎದ್ದು ಅಲ್ಯೂಮಿನಿಯಂ ಮಂಕಾಗುತ್ತದೆ. ಕೆಲ ತಿಂಗಳಿಗೆ ಮೊದಲಿಗಿಂತ ಕಡಿಮೆ ಬೆಳಕು ಸಿಗುತ್ತದೆ. ಬಲ್ಬ್ ಬದಲಿಸುವಾಗ ಒಳಗೆ ಧೂಳು ಕಂಡರೂ ಬಟ್ಟೆ ಹಾಕಿ ಒರೆಸಬೇಡಿ. ಊದುವ ರಬ್ಬರ್ ಬ್ಲೋಯರ್ ಸಾಕು. ಬೆಂಗಳೂರಿನ ಜೆಸಿ ರಸ್ತೆಯಂಥ ಕಡೆ ಲ್ಯಾಂಪನ್ನು ಓವನಿನಲ್ಲಿ ಬಿಸಿ ಮಾಡಿ, ಅಂಟು ಮೆತ್ತಗಾದಾಗ ಕವರ್ ಬಿಚ್ಚಿ, ಬೆಜೆಲಿಗೆ ಕಪ್ಪು ಬಣ್ಣ ಹೊಡೆಸಿಕೊಳ್ಳುವ ಹುಡುಗರಿದ್ದಾರೆ. ಆಸೆ ಅರ್ಥವಾಗುತ್ತದೆ. ಆದರೆ ಸ್ಪ್ರೇ ಕ್ಯಾನಿನ ಬಣ್ಣ ಬಿಸಿಯಾದಾಗ ಆವಿ ಬಿಡುತ್ತದೆ, ಆ ಆವಿ ಕವರಿನ ಒಳಮೈಗೆ ಮಬ್ಬಾಗಿ ಕೂರುತ್ತದೆ. ಬಿಚ್ಚಿದ ಸೀಲ್ ಕೂಡ ಮೊದಲಿನಂತೆ ಕೂರುವುದು ಅಪರೂಪ.

ಲ್ಯಾಂಪ್ ಹಳದಿಯಾಗಿದೆ ಅಂದರೆ ಕೆಟ್ಟಿರುವುದು ಸಾಮಾನ್ಯವಾಗಿ ಒಳಗಿನ ಹೊಳಪಲ್ಲ, ಹೊರಗಿನ ಕವರಿನ ಮೇಲಿದ್ದ ಗಟ್ಟಿ ಲೇಪ. ಪಾಲಿಶ್ ಹೊಡೆದರೆ ಕೂಡಲೇ ಸ್ವಚ್ಛವಾಗುತ್ತದೆ. ಆದರೆ ಉಳಿದಿದ್ದ ಲೇಪವೂ ಹೋಗುವುದರಿಂದ, ಹೊಸ ಲೇಪ ಕೊಡದಿದ್ದರೆ ಬೇಗ ಮತ್ತೆ ಹಳದಿಯಾಗುತ್ತದೆ. ಮಳೆಯಾದ ಬೆಳಿಗ್ಗೆ ಕವರಿನೊಳಗೆ ತೆಳ್ಳಗೆ ತೇವ ಕಂಡು, ಲ್ಯಾಂಪ್ ಹಚ್ಚಿದ ಮೇಲೆ ಆರಿದರೆ ಗಾಬರಿ ಬೇಡ. ಹಿಂದಿನ ಗಾಳಿಕಿಂಡಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಎಲ್‌ಇಡಿ ಲ್ಯಾಂಪಿನಲ್ಲಿ ಕವರ್ ಅಷ್ಟಾಗಿ ಬಿಸಿಯಾಗುವುದಿಲ್ಲ, ಆರಲು ಹೆಚ್ಚು ಹೊತ್ತು ಬೇಕು. ಕೆಳಗಡೆ ನೀರು ನಿಂತಿದ್ದರೆ ಮಾತ್ರ ತಡಮಾಡದೆ ಸೀಲನ್ನು ತೋರಿಸಿ. ನಿಂತ ನೀರು ಬೆಜೆಲಿನ ಅಂಚಿನಿಂದ ಶುರುಮಾಡಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತಾ ಹೋಗುತ್ತದೆ. ಹೋದ ಲೋಹವನ್ನು ಲ್ಯಾಂಪಿನೊಳಗೇ ಮತ್ತೆ ಕೂರಿಸಲು ಆಗುವುದಿಲ್ಲ.