ವ್ಯೂಸ್ಟುಂಗ್ ಅಂದ್ರೆ ಮರುಭೂಮಿ ಅಲ್ಲ

ಜರ್ಮನಿಯ ಹಾರ್ಟ್ಸ್ ಬೆಟ್ಟದ ಒಂದು ಫೋಟೋ. ಅಡಿಬರಹ: ‘ಮಧ್ಯಯುಗದ ಮರುಭೂಮಿ’. ಫೋಟೋ ತುಂಬಾ ದಟ್ಟ ಕಾಡು! ಇಂಥದ್ದನ್ನು ನೋಡಿದ್ದು ಇದು ಎಷ್ಟನೇ ಸಲವೋ. ಅಲ್ಲಿನ ನಕ್ಷೆಗಳಲ್ಲಿ ಹಳೆಯ ಊರಿನ ಹೆಸರಿನ ಪಕ್ಕ ‘ವ್ಯೂಸ್ಟುಂಗ್’ ಅಂತ ಇರುತ್ತದೆ, ಅಂದರೆ ಜನ ಬಿಟ್ಟುಹೋದ ಊರು. ಕನ್ನಡಕ್ಕೆ ತರುವಾಗ ನಮ್ಮವರು ಅದನ್ನು ಮರುಭೂಮಿ ಮಾಡಿಬಿಡುತ್ತಾರೆ.

ಎಡವಟ್ಟು ಆಗುವುದು ‘ವ್ಯೂಸ್ಟ’ ಎಂಬ ಇನ್ನೊಂದು ಪದದಿಂದ. ಅದು ಇವತ್ತು ಮರುಭೂಮಿ, ನಿಜ. ಆದರೆ ಎರಡೂ ಹುಟ್ಟಿದ್ದು ‘ವ್ಯೂಸ್ಟ್’ನಿಂದ. ಅದರ ಹಳೆಯ ಅರ್ಥ ಬರಿದು, ಜನ ಇಲ್ಲದ್ದು. ಮರಳು, ಬಿಸಿಲು ಯಾವುದೂ ಅದರಲ್ಲಿಲ್ಲ. ಲೂಥರನ ಜರ್ಮನ್ ಬೈಬಲ್ಲಿನ ಶುರುವಿನಲ್ಲೇ ಭೂಮಿ ‘ವ್ಯೂಸ್ಟ್ ಉಂಟ್ ಲೇರ್’ (ಬರಿದು, ಖಾಲಿ) ಆಗಿತ್ತು ಅಂತ ಬರುತ್ತದೆ. ಆಗ ಎಲ್ಲೆಲ್ಲೂ ನೀರು, ಮರಳು ಎಲ್ಲಿಂದ ಬರಬೇಕು? ಲ್ಯಾಟಿನ್ನಿನ ‘ವಾಸ್ಟುಸ್’ ಇದರ ದಾಯಾದಿ. ಜನ ಬಾಳದ ಸೀಮೆ ವ್ಯೂಸ್ಟ. ಜನ ಬಾಳಿ ಬಿಟ್ಟುಹೋದ ಊರು ವ್ಯೂಸ್ಟುಂಗ್.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಅನ್ನುವವರು ಕಂದಾಯ ದಾಖಲೆ ತೆಗೆದು ನೋಡಲಿ. ಬೇಚರಾಕ್ ಗ್ರಾಮ! ಹೆಸರಿದೆ, ಸರ್ವೆ ನಂಬರಿದೆ, ಒಂದು ಮನೆಯೂ ಇಲ್ಲ. ಪಾರಸಿಯ ಬೇ-ಚಿರಾಗ್, ಅಂದರೆ ದೀಪ ಇಲ್ಲದ್ದು. ಜರ್ಮನ್ ಪದಕ್ಕೂ ಇಂಥದ್ದೇ ಲೆಕ್ಕಪತ್ರದ ವಾಸನೆ ಇದೆ. 1375ರಲ್ಲಿ ಬ್ರಾಂಡೆನ್‌ಬುರ್ಗ್ ಸೀಮೆಯ ಊರುಗಳ ಹಿಡುವಳಿ ಬರೆಸಿದಾಗ, ಕಂದಾಯ ಕಟ್ಟುವವರಿಲ್ಲದೆ ಪಾಳುಬಿದ್ದ ಜಮೀನನ್ನೂ ಬರೆಸಿದ್ದರು.

ಇನ್ನೊಂದು ಕಿರಿಕಿರಿ, ಎಲ್ಲವನ್ನೂ ಪ್ಲೇಗಿನ ತಲೆಗೆ ಕಟ್ಟುವುದು. ಕೃಷಿ ಇತಿಹಾಸಕಾರ ವಿಲ್ಹೆಲ್ಮ್ ಆಬೆಲ್ ಅಂದಾಜಿನ ಪ್ರಕಾರ 1300ರ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 1,70,000 ಊರುಕೇರಿಗಳಿದ್ದವು. 1500ರ ಹೊತ್ತಿಗೆ 40,000ದಷ್ಟು ಕಾಣೆ. 14ನೇ ಶತಮಾನದ ನಡುವಿನ ಪ್ಲೇಗ್ ದೊಡ್ಡ ಕಾರಣವೇ, ಇಲ್ಲ ಅನ್ನುವುದಿಲ್ಲ. ಆದರೆ ಊರಿನವರೆಲ್ಲ ಒಂದೇ ವಾರದಲ್ಲಿ ಸತ್ತು ಬಾಗಿಲು ತೆರೆದೇ ಉಳಿಯಿತು ಅನ್ನುವ ಕಥೆ ಬಹುಪಾಲು ಊರಿಗೆ ಹೊಂದುವುದಿಲ್ಲ. ತಿನ್ನುವ ಬಾಯಿ ಕಮ್ಮಿಯಾಯಿತು, ಧಾನ್ಯದ ಬೆಲೆ ಬಿತ್ತು. ಪೇಟೆಯಲ್ಲಿ ಕೂಲಿ ಜಾಸ್ತಿ, ಹಳ್ಳಿಯಲ್ಲಿ ಕಲ್ಲುನೆಲ. ಎದ್ದು ಹೋದರು, ಅಷ್ಟೇ. 1342ರ ಜುಲೈ ಪ್ರವಾಹ ಎಷ್ಟೋ ಕಡೆ ಮೇಲ್ಮಣ್ಣನ್ನೇ ಕೊಚ್ಚಿಕೊಂಡು ಹೋಗಿತ್ತು. ಪ್ಲೇಗ್ ಇನ್ನೂ ಬಂದೇ ಇರಲಿಲ್ಲ.

ಹಾರ್ಟ್ಸ್‌ನ ಹೋಹೆನ್‌ರೋಡೆ ನೋಡಿ. ‘ರೋಡೆ’ ಅಂದರೆ ಕಾಡು ಕಡಿದು ಮಾಡಿದ ಜಾಗ. 14ನೇ ಶತಮಾನದಲ್ಲಿ ಜನ ಬಿಟ್ಟರು, ಕಾಡು ವಾಪಸ್ ಬಂತು. 1930ರ ದಶಕದಲ್ಲಿ ಪುರಾತತ್ವಜ್ಞ ಪೌಲ್ ಗ್ರಿಮ್ ಅಗೆದಾಗ ಮನೆಗಳ ತಳಪಾಯ ಸಿಕ್ಕಿತು.

ಊರು ಹಾಳಾದರೆ ಹೊಲವೂ ಹಾಳಾಗಬೇಕು ಅಂತೇನಿಲ್ಲ. ಪಕ್ಕದ ಹಳ್ಳಿಗೆ ಹೋದವರು ಹಳೆಯ ಹೊಲ ಉಳುತ್ತಲೇ ಇದ್ದದ್ದುಂಟು. ಅದಕ್ಕೇ ಮನೆ ಪಾಳಾದರೆ ‘ಓರ್ಟ್ಸ್‌ವ್ಯೂಸ್ಟುಂಗ್’, ಹೊಲ ಪಾಳಾದರೆ ‘ಫ್ಲೂರ್‌ವ್ಯೂಸ್ಟುಂಗ್’ ಅಂತ ಬೇರೆ ಬೇರೆ ಕರೆಯುತ್ತಾರೆ. ಎರಡನೆಯದರ ಗುರುತು ಕೆಲವು ಕಾಡುಗಳ ನೆಲದಲ್ಲಿ ಇವತ್ತಿಗೂ ಕಾಣುತ್ತದೆ: ನೇಗಿಲು ವರ್ಷಗಟ್ಟಲೆ ಮಣ್ಣನ್ನು ನಡುವಿಗೆ ಮಗುಚಿ ಎಬ್ಬಿಸಿದ ಉದ್ದುದ್ದ ದಿಬ್ಬಗಳು, ಅವುಗಳ ಮೇಲೆ ಮರ.

ಅಂದಹಾಗೆ ಬಹುವಚನ ವ್ಯೂಸ್ಟುಂಗೆನ್. ‘ವ್ಯೂಸ್ಟುಂಗ್ಸ್’ ಅಂತೂ ದಯವಿಟ್ಟು ಬೇಡ.