ಹಾಡು ಬರುತ್ತೆ, ಮಾತು ಬರಲ್ಲ: ಅದು ಹಠ ಅಲ್ಲ

ತಿಂಗಳಿಗೆ ಎರಡು ಸಲವಾದರೂ ಯಾರೋ ಒಬ್ಬರು ನನ್ನ ಮುಖದ ಮುಂದೆ ಫೋನ್ ಹಿಡಿಯುತ್ತಾರೆ. ವಿಡಿಯೊದಲ್ಲಿ ಲಕ್ವ ಹೊಡೆದು ಮಾತು ನಿಂತುಹೋದ ಅಪ್ಪನೋ ಅತ್ತೆಯೋ ಮಂಚದ ಮೇಲೆ ಕೂತು ದೇವರನಾಮ ಹಾಡುತ್ತಿರುತ್ತಾರೆ. ಪದ ತಪ್ಪಿಲ್ಲ, ತಾಳ ತಪ್ಪಿಲ್ಲ. "ನೋಡಿದ್ರಾ ಮೇಡಂ? ಇಷ್ಟು ಹಾಡೋರಿಗೆ ನೀರು ಬೇಕು ಅನ್ನೋಕೆ ಏನು ಕಷ್ಟ? ಬೇಕೂಂತಲೇ ಮಾಡ್ತಾರೆ." ಇದನ್ನು ಹೇಳುವಾಗ ಆ ಅಪ್ಪ ಪಕ್ಕದಲ್ಲೇ ವೀಲ್‌ಚೇರಿನಲ್ಲಿ ಕೂತಿರುತ್ತಾರೆ. ಅವರಿಗೆ ಮಾತು ಬರದೇ ಇರಬಹುದು, ಕಿವಿ ಕೇಳಿಸುತ್ತೆ, ಅರ್ಥವೂ ಆಗುತ್ತೆ. ನನಗೆ ಸಿಟ್ಟು ಬರುವುದು ಅಲ್ಲಿ.

ಸ್ಪೀಚ್ ಥೆರಪಿಸ್ಟ್ ಆಗಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದೇ ಇರಬೇಕು: ಹಾಡುವ ಕೆಲಸ ಬೇರೆ, ಮಾತಾಡುವ ಕೆಲಸ ಬೇರೆ. ಬಾಯಿ ಒಂದೇ ಆದರೂ ದಾರಿ ಒಂದೇ ಅಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಏಳೆಂಟ್ಲ ಎಷ್ಟು? ಕೆಲವರಿಗೆ ಥಟ್ಟನೆ ಬಂದಿರುತ್ತೆ. ಉಳಿದವರು ಮನಸ್ಸಿನಲ್ಲೇ "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ಶುರು ಮಾಡಿ ಐವತ್ತಾರಕ್ಕೆ ಬಂದಿರುತ್ತೀರಿ, ಅಲ್ವಾ? ಮಗ್ಗಿ, ದೇವರನಾಮ, ವಾರದ ಹೆಸರುಗಳು, ಬೈಗುಳ, ಇವೆಲ್ಲ ಪೋಣಿಸಿಟ್ಟ ಸರದ ಹಾಗೆ. ಒಂದು ತುದಿ ಎಳೆದರೆ ಪೂರ್ತಿ ಬರುತ್ತೆ. "ನೀರು ಬೇಕು" ಅನ್ನುವುದು ಹಾಗಲ್ಲ. ಆ ಗಳಿಗೆಯಲ್ಲಿ ಪದ ಹುಡುಕಬೇಕು, ಜೋಡಿಸಬೇಕು, ನಾಲಿಗೆಗೆ ತರಬೇಕು. ಪೆಟ್ಟು ಬಿದ್ದಿರುವುದು ಆ ಕೆಲಸಕ್ಕೆ. ಚೆನ್ನಾಗಿ ಹಾಡುವ ಅದೇ ಅಜ್ಜಿಯನ್ನು ಹಾಡಿನ ಎರಡನೇ ಸಾಲಿನ ಮೂರನೇ ಪದ ಏನು ಅಂತ ಕೇಳಿ ನೋಡಿ, ಹೇಳಲಾಗಲ್ಲ.

ಇದು ಹೊಸ ವಿಷಯ ಏನಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ನೋಡಿದ ರೋಗಿಯ ಬಾಯಲ್ಲಿ ಬರುತ್ತಿದ್ದದ್ದು "ತಾನ್" ಅನ್ನುವ ಒಂದೇ ಸದ್ದು. ಆದರೆ ಸಿಟ್ಟು ಬಂದರೆ ಒಂದು ಬೈಗುಳ ಸಲೀಸಾಗಿ ಬರುತ್ತಿತ್ತಂತೆ! ಆತ ತೀರಿಕೊಂಡ ಮೇಲೆ ನೋಡಿದರೆ ಮಿದುಳಿನ ಎಡಗಡೆ ಮುಂಭಾಗ ಹಾಳಾಗಿತ್ತು.

ನನ್ನ ಹತ್ತಿರ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಬರುತ್ತಿದ್ದರು. ತನ್ನ ಹೆಸರು ಹೇಳಲಾಗುತ್ತಿರಲಿಲ್ಲ. ಒಂದಿನ ಆಯಾ ವೀಲ್‌ಚೇರ್ ತಳ್ಳಿಕೊಂಡು ಬರುವಾಗ ಬಾಗಿಲ ಹತ್ತಿರ ನಿಂತು ಯಾರ ಜೊತೆಗೋ ಮಾತಿಗಿಳಿದರು. ಇವರು ಎಡಗೈಯಲ್ಲಿ ಕುರ್ಚಿಯ ಕಂಬಿಗೆ ಎರಡು ಸಲ ಬಡಿದು "ರೈಟ್, ರೈಟ್!" ಅಂದರು. ಎಲ್ಲರೂ ನಕ್ಕೆವು. ಅವರೂ ನಕ್ಕರು. ಅಳಿಯ ಮಾತ್ರ ನನ್ನ ಕಡೆ ತಿರುಗಿ, "ನಾನ್ ಹೇಳ್ಲಿಲ್ವಾ, ಬರುತ್ತೆ ಇವರಿಗೆ" ಅಂದ.

ಬರುತ್ತೆ, ನಿಜ. ಆ ಬರುವ ದಾರಿಯನ್ನೇ ಹಿಡಿದುಕೊಂಡು ಒಂದು ಚಿಕಿತ್ಸೆ ಇದೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನವರು ಬರೆದದ್ದು, ಮೆಲೋಡಿಕ್ ಇಂಟೊನೇಷನ್ ಥೆರಪಿ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ, ರಾಗಜ್ಞಾನ ಬೇಕಿಲ್ಲ. ಬೀದಿಯಲ್ಲಿ ಸೊಪ್ಪು ಮಾರುವವರು "ಸೊಪ್ಪೋ... ಸೊಪ್ಪು" ಅಂತ ಕೂಗುತ್ತಾರಲ್ಲ, ಒಂದು ಮೇಲೆ, ಒಂದು ಕೆಳಗೆ, ಅಷ್ಟೇ ಸಾಕು. "ನೀ-ರು ಬೇ-ಕು" ಅಂತ ಎಳೆದು ಹೇಳುತ್ತೇವೆ, ಅಕ್ಷರಕ್ಕೊಂದರಂತೆ ಅವರ ಎಡಗೈ ತಟ್ಟುತ್ತೇವೆ. ಮೊದಲು ಬರೀ ಗುನುಗು, ಆಮೇಲೆ ಇಬ್ಬರೂ ಒಟ್ಟಿಗೆ, ಆಮೇಲೆ ನಾನು ಅರ್ಧಕ್ಕೆ ಸುಮ್ಮನಾಗುತ್ತೇನೆ. ಕೊನೆಗೆ ರಾಗ ಕರಗಿ ಮಾತಾಗಬೇಕು. ಕೆಲಸ ಮಾಡುವುದು ರಾಗವೋ ತಾಳವೋ ಅಂತ ಇನ್ನೂ ಜಗಳ ಇದೆ. 2011ರಲ್ಲಿ ಜರ್ಮನಿಯಲ್ಲಿ 17 ರೋಗಿಗಳನ್ನು ನೋಡಿದವರು ತಾಳಕ್ಕೂ ಬಾಯಿಪಾಠವಾದ ಪದಕ್ಕೂ ಜಾಸ್ತಿ ಅಂಕ ಕೊಟ್ಟರು. ನನಗೂ ಹಾಗೇ ಅನಿಸುತ್ತದೆ, ಆದರೆ ಪಟ್ಟು ಹಿಡಿದು ವಾದ ಮಾಡಲಾರೆ.

ಎಲ್ಲರಿಗೂ ಇದು ಆಗಿಬರಲ್ಲ. ಅರ್ಥವಾಗುತ್ತೆ ಆದರೆ ಮಾತು ಹೊರಡಲ್ಲ ಅನ್ನುವವರಿಗೆ ಹೊಂದಬಹುದು. ಗಡಗಡ ಮಾತಾಡುತ್ತಾ ಅದಕ್ಕೆ ಅರ್ಥವೇ ಇಲ್ಲದವರಿಗೆ ಬೇರೆ ದಾರಿ. ನೋಡದೆ ಫೋನಿನಲ್ಲಿ ಹೇಳಲಾಗಲ್ಲ, ದಯವಿಟ್ಟು ಕೇಳಬೇಡಿ. ಕಲಿತ ನಾಲ್ಕು ವಾಕ್ಯ ಬಂದರೆ ಐದನೆಯದು ತಾನಾಗಿ ಬರುತ್ತದೆ ಅಂತಲೂ ಇಲ್ಲ.

ಇನ್ನು ಕೆಲವರು ಬೆಳಗಿಂದ ರಾತ್ರಿವರೆಗೆ ಮಂಚದ ಪಕ್ಕ ಭಜನೆ ಹಾಕಿಟ್ಟು "ಮ್ಯೂಸಿಕ್ ಥೆರಪಿ ಮಾಡ್ತಿದ್ದೀವಿ" ಅನ್ನುತ್ತಾರೆ. ಕೇಳುವುದರಿಂದ ಲಾಭವೇ ಇಲ್ಲ ಅಂತಲ್ಲ. 2008ರಲ್ಲಿ ಫಿನ್ಲೆಂಡಿನವರು ಹೊಸದಾಗಿ ಸ್ಟ್ರೋಕ್ ಆದವರಿಗೆ ಎರಡು ತಿಂಗಳು ದಿನಕ್ಕೊಂದು ಗಂಟೆಯಾದರೂ ಸಂಗೀತ ಕೇಳಿಸಿದರು, ಪದಗಳ ನೆನಪು ಹೆಚ್ಚು ಸುಧಾರಿಸಿತು, ಮಂಕು ಕಮ್ಮಿಯಾಯಿತು. ಆದರೆ ಹಾಡು ಆರಿಸಿಕೊಂಡವರು ರೋಗಿಗಳೇ. ನಿಮ್ಮ ಅಪ್ಪ ಹಳೇ ಸಿನಿಮಾ ಹಾಡಿನವರಾಗಿದ್ದರೆ ವಯಸ್ಸಾಯ್ತು ಅಂತ ಸುಪ್ರಭಾತ ಯಾಕೆ ಹಾಕುತ್ತೀರಿ? ಬೇಡ ಅನ್ನೋಕೂ ಅವರಿಗೆ ಬಾಯಿಲ್ಲ.

ಕಂಡಕ್ಟರಿಗೆ ಕಲಿಸಲು ಯಾವ ವಾಕ್ಯ ಬೇಕು ಅಂತ ಮನೆಯವರನ್ನು ಕೇಳಿದೆ. ಅಳಿಯ ಚೀಟಿಯಲ್ಲಿ ಬರೆದು ತಂದ: "ನಮಸ್ಕಾರ, ನಾನು ಚೆನ್ನಾಗಿದ್ದೇನೆ." ಅವರು ಓದಿ, ಚೀಟಿ ಮಡಚಿ ಪಕ್ಕಕ್ಕಿಟ್ಟರು. ಹೆಂಡತಿ ತಂದ ಫ್ಲಾಸ್ಕಿನ ಕಡೆ ಕೈ ತೋರಿಸಿದರು. ಸರಿ, ಅದೇ ಆಗಲಿ ಅಂದೆ. ಮೂರು ಅಕ್ಷರ, ಮೂರು ತಟ್ಟು. ಐದನೇ ವಾರ ನಾನು ಇನ್ನೂ ಗುನುಗು ಶುರು ಮಾಡುವ ಮೊದಲೇ ಕುರ್ಚಿಯ ಕಂಬಿಗೆ ತಾವೇ ಬಡಿದುಕೊಂಡು, ಹೆಂಡತಿ ಕಡೆ ನೋಡಿ, ಸೊಪ್ಪಿನವರ ಧಾಟಿಯಲ್ಲೇ ಎಳೆದರು: "ಟೀ... ಕೊ-ಡೇ."

ಆಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಬೆಳಿಗ್ಗೆಯಿಂದ ಎರಡು ಲೋಟ ಆಗಿದೆ, ಇನ್ನಿಲ್ಲ" ಅಂದರು.