ದುಡ್ಡಿದ್ದವರ ರಾಯಭಾರ: ಅವೆರೆಲ್ ಹ್ಯಾರಿಮನ್ ನಡೆದ ದಾರಿ

ಅಮೆರಿಕದಲ್ಲಿ ಹೊಸ ಅಧ್ಯಕ್ಷರು ಬಂದಾಗಲೆಲ್ಲ ಒಂದು ಹಳೇ ತಕರಾರು ಮತ್ತೆ ಏಳುತ್ತದೆ. ಚುನಾವಣೆಗೆ ದುಡ್ಡು ಕೊಟ್ಟವರೇ ಲಂಡನ್, ಪ್ಯಾರಿಸ್, ರೋಮ್‌ಗಳಲ್ಲಿ ರಾಯಭಾರಿಗಳಾಗಿ ಕೂರುತ್ತಾರೆ ಎಂಬ ತಕರಾರು. ದೇಣಿಗೆಯನ್ನು ಅರ್ಹತೆ ಎಂದು ಎಣಿಸಬಾರದು ಅಂತ 1980ರ ವಿದೇಶಾಂಗ ಸೇವಾ ಕಾಯ್ದೆಯಲ್ಲೇ ಬರೆದಿದೆ. ಆದರೂ ಪದ್ಧತಿ ನಿಂತಿಲ್ಲ. ದಶಕಗಳ ಕಾಲ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬ ರಾಯಭಾರಿ ವಿದೇಶಾಂಗ ಸೇವೆಯ ಹೊರಗಿನಿಂದ ಬಂದವರಾಗಿರುತ್ತಿದ್ದರು.

ಇದು ಶುರುವಾದದ್ದು ಸಂಬಳದಿಂದ. ನೂರು ವರ್ಷದ ಹಿಂದೆ ಅಮೆರಿಕದ ದೊಡ್ಡ ರಾಯಭಾರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 17,500 ಡಾಲರ್. ಮನೆ ಬಾಡಿಗೆ, ಆಳುಕಾಳು, ಔತಣ ಎಲ್ಲವನ್ನೂ ಬಹುಪಾಲು ಕೈಯಿಂದಲೇ ಹಾಕಬೇಕಿತ್ತು. ಹಾಗಾಗಿ ಆಸ್ತಿ ಇಲ್ಲದವರು ಆ ಕೆಲಸಕ್ಕೆ ಹೋಗುವಂತೆಯೇ ಇರಲಿಲ್ಲ. 1924ರಲ್ಲಿ ರೋಜರ್ಸ್ ಕಾಯ್ದೆ ಬಂತು. ಪರೀಕ್ಷೆ ಬರೆದು ಸೇರುವ, ಬಡ್ತಿ ಪಡೆಯುವ ವಿದೇಶಾಂಗ ಸೇವೆ ಹುಟ್ಟಿತು. ಆದರೆ ರಾಯಭಾರಿ ಯಾರಾಗಬೇಕು ಎಂದು ಆರಿಸುವ ಅಧಿಕಾರ ಅಧ್ಯಕ್ಷರ ಕೈಯಲ್ಲೇ ಉಳಿಯಿತು.

ಈ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಅವೆರೆಲ್ ಹ್ಯಾರಿಮನ್. ಅವರಷ್ಟು ದುಡ್ಡಿದ್ದ ರಾಯಭಾರಿಗಳು ಕಡಿಮೆ. ಅವರಷ್ಟು ದುಡಿದವರು ಇನ್ನೂ ಕಡಿಮೆ.

ಹ್ಯಾರಿಮನ್ ಹುಟ್ಟಿದ್ದು 1891ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ಇ. ಎಚ್. ಹ್ಯಾರಿಮನ್ ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು ವಾಲ್‌ಸ್ಟ್ರೀಟಿನಲ್ಲಿ ಆಫೀಸ್ ಹುಡುಗನಾಗಿ ಸೇರಿದವರು. ಮುಂದೆ ಯೂನಿಯನ್ ಪೆಸಿಫಿಕ್ ರೈಲ್ವೆಯ ಒಡೆಯರಾದರು. 1899ರಲ್ಲಿ ಅವರು ತಮ್ಮ ಖರ್ಚಿನಲ್ಲೇ ವಿಜ್ಞಾನಿಗಳ ದೊಡ್ಡ ತಂಡ ಕಟ್ಟಿಕೊಂಡು ಅಲಾಸ್ಕಾಕ್ಕೆ ಹಡಗಿನಲ್ಲಿ ಹೋದಾಗ ಏಳು ವರ್ಷದ ಅವೆರೆಲ್ ಕೂಡ ಜೊತೆಗಿದ್ದರು. ಹತ್ತು ವರ್ಷದ ನಂತರ ತಂದೆ ತೀರಿಕೊಂಡರು. ಮಗ ಯೇಲ್‌ನಲ್ಲಿ ಓದಿ ರೈಲ್ವೆ, ಹಡಗು, ಬ್ಯಾಂಕು ಅಂತ ವ್ಯವಹಾರಕ್ಕಿಳಿದರು. ಪೋಲೊದಲ್ಲಿ ಅಮೆರಿಕದ ತಂಡಕ್ಕೆ ಆಡಿದರು. ಯೂನಿಯನ್ ಪೆಸಿಫಿಕ್ ರೈಲಿಗೆ ಪ್ರಯಾಣಿಕರು ಬೇಕಿತ್ತು. ಅದಕ್ಕೆ 1936ರಲ್ಲಿ ಐಡಹೋದ ಸನ್ ವ್ಯಾಲಿಯಲ್ಲಿ ಸ್ಕೀ ತಾಣವನ್ನೇ ಕಟ್ಟಿಸಿದರು. ಕುರ್ಚಿಯಲ್ಲಿ ಕೂತು ಗುಡ್ಡ ಹತ್ತುವ ಸ್ಕೀ ಲಿಫ್ಟ್ ಜಗತ್ತಿನಲ್ಲಿ ಮೊದಲು ಓಡಿದ್ದು ಅಲ್ಲೇ.

ಇಷ್ಟೇ ಆಗಿದ್ದರೆ ಅವರನ್ನು ಇವತ್ತು ಯಾರೂ ನೆನೆಯುತ್ತಿರಲಿಲ್ಲ. ಅವರ ಬದುಕಿಗೆ ಬೇರೆ ದಾರಿ ತೋರಿಸಿದ್ದು ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾದ ಚಿಯಾತುರಾ ಎಂಬ ಊರಿನ ಮ್ಯಾಂಗನೀಸ್ ಗಣಿ. 1925ರಲ್ಲಿ ಸೋವಿಯತ್ ಸರ್ಕಾರದಿಂದ ಅದರ ಗುತ್ತಿಗೆ ಹಿಡಿದರು. ಆಗ ಅಮೆರಿಕ ಸೋವಿಯತ್ ಸರ್ಕಾರಕ್ಕೆ ಮಾನ್ಯತೆಯನ್ನೇ ಕೊಟ್ಟಿರಲಿಲ್ಲ. ಮರುವರ್ಷ ಹ್ಯಾರಿಮನ್ ತಾವೇ ಮಾಸ್ಕೋಗೆ ಹೋಗಿ ಸೋವಿಯತ್ ನಾಯಕ ಟ್ರಾಟ್‌ಸ್ಕಿ ಎದುರು ಕೂತು ಮಾತಾಡಿದರು. ಗುತ್ತಿಗೆ ಕೈಗೂಡಲಿಲ್ಲ, 1928ರಲ್ಲಿ ಬಿಟ್ಟುಕೊಟ್ಟರು. ಆದರೆ ರಷ್ಯನ್ನರ ಜೊತೆ ಚೌಕಾಸಿ ಮಾಡುವುದು ಹೇಗೆ ಎನ್ನುವುದರ ಮೊದಲ ಪಾಠ ಅಲ್ಲಿ ಸಿಕ್ಕಿತು. ನನ್ನ ಪ್ರಕಾರ ಅವರ ಮುಂದಿನ ಕೆಲಸಕ್ಕೆಲ್ಲ ಬುನಾದಿ ಅದೇ.

1941ರ ಮಾರ್ಚ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಲಂಡನ್‌ಗೆ ಕಳಿಸಿದರು. ಜರ್ಮನ್ ಬಾಂಬುಗಳ ಕೆಳಗೆ ನಲುಗಿದ್ದ ಬ್ರಿಟನ್‌ಗೆ ಯುದ್ಧ ಸಾಮಗ್ರಿ ತಲುಪಿಸುವ ಹೊಣೆ. ಚರ್ಚಿಲ್ ಅವರನ್ನು ಮನೆಯವರಂತೆ ನೋಡಿಕೊಂಡರು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದಾಗ ಹ್ಯಾರಿಮನ್ ಚರ್ಚಿಲ್ ಅವರ ಊಟದ ಮೇಜಿನಲ್ಲೇ ಇದ್ದರು. ಅದೇ ವರ್ಷ ಚರ್ಚಿಲ್ ಅವರ ಸೊಸೆ ಪಮೇಲಾ ಜೊತೆ ಅವರಿಗೆ ಪ್ರೇಮವೂ ಬೆಳೆಯಿತು. ಇಬ್ಬರಿಗೂ ಆಗಲೇ ಬೇರೆಯವರ ಜೊತೆ ಮದುವೆಯಾಗಿತ್ತು.

1943ರಲ್ಲಿ ಮಾಸ್ಕೋಗೆ ರಾಯಭಾರಿಯಾದರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹ್ಯಾರಿಮನ್ ಎಡವಿದ್ದೂ ಕಲಿತದ್ದೂ ಇಲ್ಲೇ. 1944ರ ಜನವರಿಯಲ್ಲಿ ಸೋವಿಯತ್ ಅಧಿಕಾರಿಗಳು ವಿದೇಶಿ ಪತ್ರಕರ್ತರನ್ನು ಕಾತಿನ್ ಕಾಡಿಗೆ ಕರೆದುಕೊಂಡು ಹೋದರು. ಅಲ್ಲಿ ಸಾವಿರಾರು ಪೋಲಿಷ್ ಸೇನಾಧಿಕಾರಿಗಳ ಹೆಣಗಳಿದ್ದವು. ಕೊಂದದ್ದು ಜರ್ಮನ್ನರು ಅಂತ ಸೋವಿಯತ್ ಕಡೆಯವರ ವಾದ. ರಾಯಭಾರಿಯ ಪರವಾಗಿ ಹೋದವರಲ್ಲಿ ಮಗಳು ಕ್ಯಾಥ್ಲೀನ್ ಒಬ್ಬರು. ಆ ವಾದವನ್ನೇ ಒಪ್ಪಿ ಅವರು ವರದಿ ಬರೆದರು, ತಂದೆ ಅದನ್ನು ವಾಷಿಂಗ್ಟನ್‌ಗೆ ಕಳಿಸಿದರು. ಆದರೆ ನಿಜವಾಗಿ ಕೊಂದದ್ದು ಸ್ಟಾಲಿನ್‌ನ ಪೊಲೀಸರು. ಸತ್ತವರ ಮನೆಯವರಿಗೆ ಇದರಿಂದಾದ ಅನ್ಯಾಯವನ್ನು ಸಣ್ಣದು ಅನ್ನಲಾಗದು.

ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ದಂಗೆ ಎದ್ದಿತು. ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಪೋಲಿಷ್ ಜನರಿಗೆ ಆಕಾಶದಿಂದ ಆಯುಧ ಇಳಿಸಿ ಬರುವ ಅಮೆರಿಕದ ವಿಮಾನಗಳಿಗೆ ಸೋವಿಯತ್ ನೆಲದಲ್ಲಿ ಇಳಿಯಲು ಬಿಡಿ ಎಂದು ಹ್ಯಾರಿಮನ್ ಮತ್ತೆ ಮತ್ತೆ ಕೇಳಿದರು. ಮಾಸ್ಕೋ ವಾರಗಟ್ಟಲೆ ಒಪ್ಪಲಿಲ್ಲ. ಅಷ್ಟರಲ್ಲಿ ಕಾಲ ಮಿಂಚಿತ್ತು, ನಗರ ನೆಲಸಮವಾಯಿತು. ಅಲ್ಲಿಂದಾಚೆ ಹ್ಯಾರಿಮನ್ ಬೇರೆಯೇ ಮನುಷ್ಯ. 1945ರ ಏಪ್ರಿಲ್‌ನಲ್ಲಿ ಹೊಸ ಅಧ್ಯಕ್ಷ ಟ್ರೂಮನ್‌ಗೆ ಪರಿಸ್ಥಿತಿ ಹೇಳಲು ವಾಷಿಂಗ್ಟನ್‌ಗೆ ಧಾವಿಸಿ ಬಂದರು. ಸ್ಟಾಲಿನ್ ಜೊತೆ ಗಟ್ಟಿಯಾಗಿ ಮಾತಾಡಿ, ಆದರೆ ಮಾತು ನಿಲ್ಲಿಸಬೇಡಿ ಎಂಬುದು ಅವರ ನಿಲುವು. ಅದೇ ವರ್ಷ ಪಾಟ್ಸ್‌ಡ್ಯಾಮ್‌ನಲ್ಲಿ, ಬರ್ಲಿನ್ ತನಕ ಬಂದದ್ದು ನಿಮಗೆ ಖುಷಿಯಾಗಿರಬೇಕು ಎಂದು ಸ್ಟಾಲಿನ್‌ಗೆ ಹೇಳಿದರು. ರಷ್ಯಾದ ಹಿಂದಿನ ಚಕ್ರವರ್ತಿ ಜಾರ್ ಅಲೆಕ್ಸಾಂಡರ್ ಪ್ಯಾರಿಸ್ ತನಕ ಹೋಗಿದ್ದ ಎಂದು ಸ್ಟಾಲಿನ್ ಉತ್ತರ ಕೊಟ್ಟ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಲಂಡನ್‌ನಲ್ಲಿ ಕೆಲವೇ ತಿಂಗಳು ರಾಯಭಾರಿ, ಆಮೇಲೆ ವಾಣಿಜ್ಯ ಮಂತ್ರಿ. 1948ರಿಂದ ಪ್ಯಾರಿಸ್‌ನಲ್ಲಿ ಕೂತು, ಯುದ್ಧದಲ್ಲಿ ಹಾಳಾದ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ನೆರವು ಕೊಟ್ಟ ಮಾರ್ಷಲ್ ಯೋಜನೆಯ ಯುರೋಪ್ ಉಸ್ತುವಾರಿ. 1954ರಲ್ಲಿ ಸುಮಾರು 11 ಸಾವಿರ ಮತಗಳಿಂದ ಗೆದ್ದು ನ್ಯೂಯಾರ್ಕ್ ರಾಜ್ಯದ ಗವರ್ನರ್. ನಾಲ್ಕು ವರ್ಷದ ನಂತರ ಇನ್ನೊಬ್ಬ ಸಿರಿವಂತ ನೆಲ್ಸನ್ ರಾಕ್‌ಫೆಲರ್ ಎದುರು ಐದು ಲಕ್ಷಕ್ಕೂ ಜಾಸ್ತಿ ಮತಗಳಿಂದ ಸೋತರು. ಎರಡು ಸಲ ಅಧ್ಯಕ್ಷ ಅಭ್ಯರ್ಥಿಯಾಗಲು ನೋಡಿದರು, ಎರಡು ಸಲವೂ ಪಕ್ಷ ಒಪ್ಪಲಿಲ್ಲ.

ನನಗೆ ಬಹಳ ಮೆಚ್ಚುಗೆಯಾಗುವುದು ಆಮೇಲಿನ ಹ್ಯಾರಿಮನ್. ಕೆನಡಿ ಅಧಿಕಾರಕ್ಕೆ ಬಂದಾಗ ಅವರಿಗೆ 69 ವರ್ಷ, ಕಿವಿ ಮಂದ. ಇವರ ಕಾಲ ಮುಗಿಯಿತು ಅಂತ ಅಧ್ಯಕ್ಷರ ಸುತ್ತಲಿನ ಹುಡುಗರು ಅಂದುಕೊಂಡಿದ್ದರು. ಮಂತ್ರಿಯೂ ಗವರ್ನರೂ ಆಗಿದ್ದ ಮನುಷ್ಯ 1961ರ ಕೊನೆಗೆ ವಿದೇಶಾಂಗ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿ ಎಂಬ ಕೆಳಹಂತದ ಹುದ್ದೆ ಒಪ್ಪಿಕೊಂಡರು. ಸಂಬಳ ಬೇಕಿರಲಿಲ್ಲ, ಹೆಸರೂ ಬೇಕಿರಲಿಲ್ಲ, ಕೆಲಸ ಬೇಕಿತ್ತು. ಸಭೆಗಳಲ್ಲಿ ತೂಕಡಿಸಿದಂತೆ ಕೂತಿದ್ದು ಥಟ್ಟನೆ ಮಾತಿಗೆ ಬಾಯಿ ಹಾಕುತ್ತಿದ್ದರು. ಜೊತೆಯವರು ಅವರಿಗೆ ‘ಮೊಸಳೆ’ ಅಂತಲೇ ಹೆಸರಿಟ್ಟರು.

1962ರಲ್ಲಿ ನಮ್ಮ ದೇಶಕ್ಕೂ ಬಂದರು. ಚೀನಾ ಕದನವಿರಾಮ ಘೋಷಿಸಿದ ಬೆನ್ನಿಗೇ, ನವೆಂಬರ್‌ನಲ್ಲಿ, ದೆಹಲಿಯಲ್ಲಿ ಇಳಿದರು. ಭಾರತಕ್ಕೆ ಎಂಥ ಸೇನಾ ನೆರವು ಬೇಕು ಎಂದು ನೋಡುವುದು ಒಂದು ಕೆಲಸ. ನೆಹರೂ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಕಾಶ್ಮೀರದ ಬಗ್ಗೆ ಮಾತಿಗೆ ಕೂರುವಂತೆ ಮಾಡುವುದು ಇನ್ನೊಂದು. ಬ್ರಿಟನ್ನಿನ ಮಂತ್ರಿ ಡಂಕನ್ ಸ್ಯಾಂಡಿಸ್ ಕೂಡ ಇದೇ ಪ್ರಯತ್ನದಲ್ಲಿದ್ದರು. ಇಬ್ಬರು ನಾಯಕರ ಜಂಟಿ ಹೇಳಿಕೆ ಬಂತು. ಭಾರತದ ಮಂತ್ರಿ ಸ್ವರಣ್ ಸಿಂಗ್ ಮತ್ತು ಪಾಕಿಸ್ತಾನದ ಮಂತ್ರಿ ಭುಟ್ಟೊ ಆರು ಸುತ್ತು ಮಾತಾಡಿದರು. 1963ರ ಮೇ ಹೊತ್ತಿಗೆ ಮಾತು ಮುರಿದುಬಿತ್ತು. ಕಷ್ಟದಲ್ಲಿದ್ದ ಭಾರತವನ್ನು ಆ ಹೊತ್ತಿನಲ್ಲೇ ಕಾಶ್ಮೀರದ ಮೇಜಿಗೆ ಎಳೆದದ್ದು ಸರಿಯಲ್ಲ ಎಂದೇ ನನಗನ್ನಿಸುತ್ತದೆ.

ಅದೇ ವರ್ಷ ಜುಲೈನಲ್ಲಿ ಅವರ ಬದುಕಿನ ದೊಡ್ಡ ಕೆಲಸ. ವಾತಾವರಣದಲ್ಲಿ, ಬಾಹ್ಯಾಕಾಶದಲ್ಲಿ, ನೀರಿನಡಿಯಲ್ಲಿ ಅಣುಬಾಂಬ್ ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಮಾಸ್ಕೋಗೆ ಹೋದರು. ವರ್ಷಗಟ್ಟಲೆ ಎಳೆದಾಡಿದ್ದ ಮಾತುಕತೆ ಎರಡು ವಾರದೊಳಗೆ ಮುಗಿಯಿತು. ಕರಡಿಗೆ ಜುಲೈ 25ರಂದು ಕಿರುಸಹಿ ಬಿತ್ತು. ಕ್ರುಶ್ಚೇವ್ ಮತ್ತು ಕೆನಡಿ ಇಬ್ಬರಿಗೂ ಆಗ ಒಪ್ಪಂದ ಬೇಕಿತ್ತು, ನಿಜ. ಆದರೆ ಯಾವ ಮಾತಿಗೆ ಹಟ ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದು ಟ್ರಾಟ್‌ಸ್ಕಿ ಕಾಲದಿಂದ ಆ ಜನರನ್ನು ನೋಡಿದವರಿಗೆ ಗೊತ್ತಿತ್ತು. ದುಡ್ಡಿನಿಂದ ಹುದ್ದೆ ಸಿಗಬಹುದು, ಇದು ಸಿಗುವುದಿಲ್ಲ ಅಲ್ವಾ? 1968ರಲ್ಲಿ ವಿಯೆಟ್ನಾಂ ಮಾತುಕತೆಗೆ ಪ್ಯಾರಿಸ್‌ಗೆ ಹೋದಾಗ ಈ ಅನುಭವವೂ ಸಾಲಲಿಲ್ಲ. ಯುದ್ಧ ನಿಲ್ಲಲಿಲ್ಲ.

1971ರಲ್ಲಿ, 79ನೇ ವಯಸ್ಸಿನಲ್ಲಿ, ಪಮೇಲಾ ಅವರನ್ನು ಮದುವೆಯಾದರು. 1986ರಲ್ಲಿ ತೀರಿಕೊಂಡರು. ಡೆಮಾಕ್ರಟಿಕ್ ಪಕ್ಷಕ್ಕೆ ವರ್ಷಗಟ್ಟಲೆ ನಿಧಿ ಕೂಡಿಸಿಕೊಟ್ಟ ಪಮೇಲಾ ಅವರನ್ನು ಕ್ಲಿಂಟನ್ 1993ರಲ್ಲಿ ಪ್ಯಾರಿಸ್‌ಗೆ ರಾಯಭಾರಿಯಾಗಿ ಕಳಿಸಿದರು. ಮರುವರ್ಷ ಹ್ಯಾರಿಮನ್ ಅವರ ವಾರಸುದಾರರು ಆಸ್ತಿ ಕರಗಿಹೋಯಿತೆಂದು ಆಕೆಯ ಮೇಲೆ ದಾವೆ ಹೂಡಿದರು. ಅದನ್ನು ರಾಜಿಯಲ್ಲಿ ಮುಗಿಸಬೇಕಾಯಿತು. 1997ರ ಫೆಬ್ರವರಿಯಲ್ಲಿ, ಇನ್ನೂ ಹುದ್ದೆಯಲ್ಲಿರುವಾಗಲೇ, ಪಮೇಲಾ ಪ್ಯಾರಿಸ್‌ನಲ್ಲಿ ತೀರಿಕೊಂಡರು.